ಇಳಿತದ ಸಮಯ ನೋಡಿ ಬೀಚ್‌ಗೆ ಹೋಗುವುದು ಹೇಗೆ?

ಗೋಕರ್ಣದ ಓಂ ಬೀಚ್‌ನಲ್ಲಿ ಎರಡು ಕಮಾನು ಸೇರುವಲ್ಲಿ ಬಂಡೆಗಳಿವೆಯಲ್ಲ, ರಜೆ ದಿನ ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಮೊಬೈಲ್‌ನಲ್ಲಿ ಇಳಿತ, ಅಂದರೆ ನೀರು ಅತಿ ಕೆಳಗಿರುವ ಹೊತ್ತು, ನಾಲ್ಕೂವರೆಗೆ ಅಂತ ನೋಡಿಕೊಂಡು ಸರಿಯಾಗಿ ನಾಲ್ಕೂವರೆಗೆ ಬಂಡೆ ಹತ್ತಲು ಹೊರಡುವವರು ಸಿಕ್ಕೇ ಸಿಗುತ್ತಾರೆ. ಆ ಹೊತ್ತಿಗೆ ವಾಪಸ್ ಹೊರಡಬೇಕು ಮಾರಾಯ್ರೆ!

ಮೊದಲು ಪಟ್ಟಿ. ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಬಂದರುಗಳ ಉಬ್ಬರವಿಳಿತದ ಪಟ್ಟಿ ಹೊರತರುತ್ತದೆ. ಗೋಕರ್ಣಕ್ಕೆ ಕಾರವಾರದ್ದು, ಸೋಮೇಶ್ವರ, ಮಲ್ಪೆ ಕಡೆಗೆ ಮಂಗಳೂರಿನದ್ದು ನೋಡಿ. ಪುಕ್ಕಟೆ ಆ್ಯಪ್ ಬಳಸುವುದಾದರೆ ಅದು ಯಾವ ಬಂದರಿನ ಲೆಕ್ಕ ಕೊಡುತ್ತಿದೆ, ಭಾರತದ ಸಮಯವೇ ಹೌದಾ ಅಂತ ನೋಡಿಕೊಳ್ಳಿ. ಬಂದರಿನ ಹೆಸರೇ ಹೇಳದ ಆ್ಯಪನ್ನು ಕಿತ್ತು ಹಾಕಿ.

ದಿನ ಆರಿಸುವುದು ಸುಲಭ. ಬಂಡೆ ಸಂದಿನ ಏಡಿ, ಚಿಪ್ಪು ನೋಡಬೇಕಾದರೆ ಅಮಾವಾಸ್ಯೆ, ಹುಣ್ಣಿಮೆ ಅಥವಾ ಅದರ ಮರುದಿನ. ಆಗ ನೀರು ಜಾಸ್ತಿ ಇಳಿಯುತ್ತದೆ. ಮಕ್ಕಳು ಮರಳಲ್ಲಿ ಆಡುವುದಕ್ಕೆ ಅಷ್ಟಮಿ ಆಸುಪಾಸು ಸಾಕು.

ಎಡವಟ್ಟಾಗುವುದು ಮುಂದಿನ ಲೆಕ್ಕದಲ್ಲಿ. ದಿನಕ್ಕೆ ಎರಡು ಇಳಿತ ಇರುತ್ತವೆ, ಎರಡೂ ಒಂದೇ ಮಟ್ಟಕ್ಕೆ ಇಳಿಯಲ್ಲ, ಹಾಗಾಗಿ ಸಮಯದ ಪಕ್ಕದ ಮೀಟರ್ ಅಂಕಿಯನ್ನೂ ಓದಿ. ಇಳಿತ 0.3, ಉಬ್ಬರ 1.5 ಅಂತಿದ್ದರೆ ವ್ಯತ್ಯಾಸ 1.2 ಮೀಟರ್. ಇದು ಸುಮಾರು ಆರು ಗಂಟೆಯಲ್ಲಿ ಏರುತ್ತದೆ, ಆದರೆ ಒಂದೇ ವೇಗದಲ್ಲಿ ಅಲ್ಲ. ಅಂದಾಜಿಗೆ ಮೊದಲ ಗಂಟೆ 10 ಸೆಂಟಿಮೀಟರ್, ಎರಡನೆಯದರಲ್ಲಿ 20, ಮೂರು ಮತ್ತು ನಾಲ್ಕನೇ ಗಂಟೆಯಲ್ಲಿ 30-30, ಆಮೇಲೆ 20, ಕೊನೆಗೆ 10. ಮೊದಲ ಗಂಟೆ ಏನೂ ಆಗಿಲ್ಲ ಅನಿಸುತ್ತದೆ, ಜನ ಸುಮ್ನೆ ಫೋಟೋ ತೆಗೆಯುತ್ತಾ ಕೂರುತ್ತಾರೆ. 30 ಅಡಿಗೆ ಒಂದು ಅಡಿ ಇಳಿಜಾರಿರುವ ಮರಳಿನಲ್ಲಿ ನೀರು 30 ಸೆಂಟಿಮೀಟರ್ ಏರಿದರೆ ದಡದ ಕಡೆಗೆ 9 ಮೀಟರ್ ನುಗ್ಗಿರುತ್ತದೆ. ಬಂಡೆಗೂ ದಡಕ್ಕೂ ನಡುವೆ ತಗ್ಗಿದ್ದರೆ ಮೊದಲು ತುಂಬುವುದು ಅದೇ, ಅಂದರೆ ನಿಮ್ಮ ಕಾಲು ಇನ್ನೂ ಒಣಗಿರುವಾಗಲೇ ಹಿಂದಿನ ದಾರಿ ಮುಚ್ಚಿರುತ್ತದೆ. ಅದಕ್ಕೇ ಇಳಿತಕ್ಕೆ ಒಂದೂವರೆ ಗಂಟೆ ಮೊದಲು ಹೋಗಿ, ಇಳಿತದ ಹೊತ್ತಿಗೆ ಮುಖ ತಿರುಗಿಸಿ. ರಬ್ಬರ್ ಹವಾಯಿ ಚಪ್ಪಲಿ ಬೇಡ, ಪಾಚಿ ಮೇಲೆ ಅದು ನಿಲ್ಲಲ್ಲ.

ನಾಳೆಯ ಸಮಯಕ್ಕೆ ಇವತ್ತಿನದಕ್ಕೆ 50 ನಿಮಿಷ ಸೇರಿಸುವ ಸುಲಭೋಪಾಯ ಇದೆ. ಮರುದಿನಕ್ಕೆ ನಡೆಯುತ್ತದೆ, ವಾರದ ಲೆಕ್ಕಕ್ಕೆ ಬೇಡ.

ಪಟ್ಟಿಯಲ್ಲಿ ಅಲೆಯ ಲೆಕ್ಕ ಇರಲ್ಲ. ದೂರದ ಬಿರುಗಾಳಿಯ ಅಲೆ ಬಿಸಿಲಿನ ದಿನವೂ ಬರಬಹುದು, ಅದಕ್ಕೆ ಹೈದರಾಬಾದಿನ ಸಮುದ್ರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಎಚ್ಚರಿಕೆ ನೋಡಿ. ಮಳೆಗಾಲದಲ್ಲಂತೂ ಪಟ್ಟಿ ಹಿಡಿದು ನೀರಿಗಿಳಿಯುವ ಮಾತೇ ಇಲ್ಲ.

ಕಯಾಕ್‌ನವರಿಗೆ ಲೆಕ್ಕ ಬೇರೆ. ಹೊನ್ನಾವರದ ಶರಾವತಿಯಲ್ಲಿ ಉಬ್ಬರದ ಜೊತೆ ಮೇಲೆ ಹೋಗಿ ಇಳಿತದ ಜೊತೆ ಬಂದರೆ ಕೈ ನೋಯಲ್ಲ. ಆದರೆ ನದಿಯೊಳಗೆ ಸಮಯ ತಡವಾಗುತ್ತದೆ, ಎಷ್ಟು ಅಂತ ಅಲ್ಲಿನ ದೋಣಿಯವರನ್ನೇ ಕೇಳಿ. ನೀರು ಇಳಿಯುತ್ತಿರುವಾಗ ನದಿ ಸಮುದ್ರ ಸೇರುವ ಅಳಿವೆ ಬಾಯಿಯ ಹತ್ತಿರ ಹೋಗಬೇಡಿ, ನದಿ ನೀರೂ ಸೇರಿ ಸೀದಾ ಸಮುದ್ರಕ್ಕೆ ಎಳೆಯುತ್ತದೆ.