ಕ್ಲಿಯೋಪಾತ್ರಾಳ ಮುನಿಸು ಇಳಿದದ್ದು ಹೀಗೆ

ಸಿವಿಲೈಸೇಷನ್ 6 ಅಂದರೆ ಸರದಿಯ ಮೇಲೆ ಆಡುತ್ತಾ ಒಂದು ನಾಗರಿಕತೆಯನ್ನು ಬೆಳೆಸುವ ಕಂಪ್ಯೂಟರ್ ಆಟ. ಅದರಲ್ಲಿ ನಾನು ಯಾವಾಗಲೂ ಚೀನಾ ಆರಿಸಿಕೊಂಡು, ಸೈನ್ಯದ ಗೋಜಿಗೆ ಹೋಗದೆ ಪಿರಮಿಡ್‌ನಂಥ ಅದ್ಭುತಗಳನ್ನೇ ಕಟ್ಟುತ್ತಿದ್ದೆ. ಪಕ್ಕದಲ್ಲಿ ಕಂಪ್ಯೂಟರ್ ಆಡಿಸುವ ಈಜಿಪ್ಟಿನ ರಾಣಿ ಕ್ಲಿಯೋಪಾತ್ರಾ ಬಂದರೆ ಮುಗಿಯಿತು. ಮೊದಲು ಸಿಡುಕು, ಆಮೇಲೆ ಖಂಡನೆ, ಕೊನೆಗೆ ಯುದ್ಧ. ಕಂಪ್ಯೂಟರ್ ಸುಮ್ನೆ ಕಾಲು ಕೆರೆದು ಬರುತ್ತದೆ ಅಂದುಕೊಂಡಿದ್ದೆ.

ಕೊನೆಗೊಮ್ಮೆ ಅವಳ ಅಜೆಂಡಾ, ಅಂದರೆ ಅವಳಿಗೆ ಏನು ಇಷ್ಟ, ಏನು ಆಗದು ಎನ್ನುವ ವಿವರ ಓದಿದೆ. ಸೈನ್ಯ ಬಲವಾಗಿದ್ದವರು ಅವಳಿಗೆ ಇಷ್ಟ, ಇಲ್ಲದವರನ್ನು ಕಂಡರೆ ತಾತ್ಸಾರ. ನನ್ನ ಬಳಿ ಇದ್ದದ್ದು ಒಬ್ಬನೇ ಯೋಧ, ಅವನೂ ಅರೆಜೀವ!

ಈ ಸಲ ಸುಮೇರಿಯಾ ಆರಿಸಿದೆ. ಅದರ ನಾಯಕ ಗಿಲ್ಗಮೆಶ್‌ನ ಯುದ್ಧರಥ ಮೊದಲ ಸರದಿಯಿಂದಲೇ ಸಿಗುತ್ತದೆ, ಬಲ 30. ಮಾಮೂಲಿ ಯೋಧನದು 20 ಅಷ್ಟೇ. ಮೂರು ರಥ ಮಾಡಿಕೊಂಡೆ. ಅವಳು ಎದುರಾದ ಸರದಿಯಲ್ಲೇ 25 ಚಿನ್ನ ಕೊಟ್ಟು ನಿಯೋಗ ಕಳಿಸಿದೆ. ಮುನಿಸು ಶುರುವಾದ ಮೇಲೆ ಕಳಿಸಿದರೆ ಬೇಡ ಅಂದುಬಿಡುತ್ತಾಳೆ, ಅದೇ ನನ್ನ ಹಳೇ ತಪ್ಪು. ಸ್ವಲ್ಪ ಹೊತ್ತಿಗೆ ಅವಳ ಹೆಸರಿನ ಜೊತೆ, ಖುಷಿಯಾಗಿದ್ದಾಳೆ ಅನ್ನುವ ಹಸಿರು ನಗುಮುಖ ಬಂತು. ಸ್ನೇಹಕ್ಕೂ ಒಪ್ಪಿದಳು.