ಒಣಗಿದ ಸರೋವರ, ಹಿಂದೆ ಸರಿಯೋ ಜಲಪಾತ: ಗಿಲ್ಬರ್ಟ್ ಥರ ಓದೋದು ಹೇಗೆ

ಗ್ರೋವ್ ಕಾರ್ಲ್ ಗಿಲ್ಬರ್ಟ್ (1843-1918) ಅಂತ ಅಮೆರಿಕದ ಜಿಯಾಲಜಿಸ್ಟ್ ಒಬ್ರು. ಅವರ ಹುದ್ದೆ, ಮೆಡಲ್ ಪಟ್ಟಿ ಬಾಯಿಪಾಠ ಮಾಡೋದಕ್ಕಿಂತ ಅವರು ನೆಲ ನೋಡ್ತಿದ್ದ ರೀತಿ ಕಲಿತ್ರೆ ಹೆಚ್ಚು ಲಾಭ, ಹಾಗಾಗಿ ಅದನ್ನೇ ಹೇಳ್ತೀನಿ.

ಮೊದ್ಲು ಸರೋವರ. ಈಗ ನೀರಿಲ್ಲದ ಕಡೆ ಹಿಂದೆ ಇತ್ತಾ ಅಂತ ತಿಳೀಬೇಕಂದ್ರೆ ಸುತ್ತಲಿನ ಬೆಟ್ಟಗಳ ಇಳಿಜಾರು ನೋಡಿ, ಅಲೆಗಳು ಒಂದೇ ಮಟ್ಟದಲ್ಲಿ ತುಂಬಾ ಕಾಲ ಹೊಡೆದಿದ್ರೆ ಅಲ್ಲಿ ಅಡ್ಡಡ್ಡ ಮೆಟ್ಟಿಲಿನ ಥರ ಗೆರೆ ಕೊರೆದಿರುತ್ತೆ, ನದಿ ಬಂದು ಸೇರ್ತಿದ್ದ ಜಾಗದಲ್ಲಿ ಮರಳು-ಜಲ್ಲಿ ಡೆಲ್ಟಾ ಕೂಡ ಉಳಿದಿರುತ್ತೆ. ಅಮೆರಿಕದ ಯೂಟಾ ರಾಜ್ಯದಲ್ಲಿ ಇಂಥ ಗೆರೆಗಳನ್ನ ಹಿಡಿದೇ ಗಿಲ್ಬರ್ಟ್ ಬಾನೆವಿಲ್ ಅನ್ನೋ ಹಳೇ ಸರೋವರದ ಕಥೆ ಬಿಡಿಸಿದ್ದು, ಈಗಿನ ಗ್ರೇಟ್ ಸಾಲ್ಟ್ ಲೇಕ್ ಅದರ ಉಳಿಕೆ ಅಷ್ಟೆ.

ಆಮೇಲೆ ನೀರು ಎಲ್ಲಿಂದ ಹೊರಗೆ ಹೋಯ್ತು ಹುಡುಕಿ. ಬಾನೆವಿಲ್‌ಗೆ ಅದು ಪಕ್ಕದ ಇಡಾಹೋ ರಾಜ್ಯದ ರೆಡ್ ರಾಕ್ ಪಾಸ್ ಅನ್ನೋ ಕಣಿವೆದಾರಿ.

ಈಗ ಮುಖ್ಯ ಕೆಲ್ಸ: ಒಂದೇ ಗೆರೆಯ ಎತ್ತರಾನ ಬೇರೆಬೇರೆ ಕಡೆ ಅಳೀರಿ. ನಿಂತ ನೀರು ಬಿಟ್ಟುಹೋದ ಗೆರೆ ಎಲ್ಲಾ ಕಡೆ ಸಮ ಇರ್ಬೇಕಲ್ವಾ? ಗಿಲ್ಬರ್ಟ್‌ಗೆ ಸಮ ಬರ್ಲಿಲ್ಲ, ಸರೋವರದ ನಡುವಿನ ಬೆಟ್ಟಗಳಲ್ಲಿ ಗೆರೆ ಜಾಸ್ತಿ ಎತ್ತರದಲ್ಲಿತ್ತು. ನೀರಿನ ಭಾರಕ್ಕೆ ನೆಲ ಕುಸಿದಿತ್ತು, ನೀರು ಹೋದ್ಮೇಲೆ ಮತ್ತೆ ಮೇಲೆದ್ದಿತ್ತು, ಭಾರ ಹೆಚ್ಚಿದ್ದ ನಡುವೆ ಜಾಸ್ತಿ ಎದ್ದಿತ್ತು! 1890ರಲ್ಲಿ ಬಂದ ಅವರ ಬಾನೆವಿಲ್ ವರದಿಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದೇ. ಲೆಕ್ಕ ತಪ್ಪಿದೆ ಅಂತ ಅಳತೆಗಳನ್ನ ಎಸೆದಿದ್ರೆ ಇದು ಸಿಗ್ತಾನೇ ಇರ್ಲಿಲ್ಲ.

ಜಲಪಾತಕ್ಕೆ ಬಂದ್ರೆ ಮೊದ್ಲು ಕಲ್ಲಿನ ಪದರ ನೋಡಿ. ನಯಾಗರಾದಲ್ಲಿ ಮೇಲೆ ಡಾಲೊಮೈಟ್ ಅನ್ನೋ ಗಟ್ಟಿ ಕಲ್ಲು, ಕೆಳಗೆ ಶೇಲ್ ಅನ್ನೋ ಮೆತ್ತನೆ ಜೇಡಿಕಲ್ಲು, ಕೆಳಗಿನದು ಕೊರೆದುಹೋದಂಗೆ ಮೇಲಿನದು ಆಧಾರ ಇಲ್ದೆ ಮುರಿದು ಬೀಳುತ್ತೆ, ಜಲಪಾತ ಹಿಂದೆ ಸರಿಯುತ್ತೆ. ಎಷ್ಟು ವೇಗ ಅಂತ ಬೇಕಂದ್ರೆ ಹಳೇ ಸರ್ವೆ ನಕ್ಷೆ ಮೇಲೆ ಹೊಸದನ್ನ ಇಟ್ಟು ನೋಡಿ. 1842ರಿಂದ 1905ರವರೆಗಿನ ಲೆಕ್ಕ ಹಾಕಿ ಗಿಲ್ಬರ್ಟ್ ನಯಾಗರಾದ ದೊಡ್ಡ ಭಾಗವಾದ ಹಾರ್ಸ್‌ಶೂ ಫಾಲ್ಸ್‌ಗೆ ವರ್ಷಕ್ಕೆ ಸುಮಾರು 5 ಅಡಿ ಅಂದ್ರು, ಪಕ್ಕದ ಅಮೆರಿಕನ್ ಫಾಲ್ಸ್‌ನಲ್ಲಿ ನೀರು ಕಮ್ಮಿ, ಸವೆತಾನೂ ತೀರಾ ಕಮ್ಮಿ.

ಇಲ್ಲಿ ಜಲಪಾತದ ವಯಸ್ಸು ಹೇಳೋ ಆಸೆಗೆ ಎಲ್ರೂ ಬೀಳ್ತಾರೆ: ಜಲಪಾತ ಹಿಂದೆ ಸರಿದು ಬಿಟ್ಟುಹೋದ ಕಮರಿಯ ಉದ್ದ ಸುಮಾರು 11 ಕಿಮೀ, ಅದನ್ನ 5 ಅಡಿಯಿಂದ ಭಾಗಿಸಿದ್ರೆ ಏಳು ಸಾವಿರ ವರ್ಷ ಚಿಲ್ಲರೆ, ಮುಗೀತು ಅಂತ. ಹಂಗೆ ಮಾಡ್ಬೇಡಿ. ಮೇಲಿನ ದೊಡ್ಡ ಸರೋವರಗಳ ನೀರು ಒಂದು ಕಾಲದಲ್ಲಿ ಬೇರೆ ದಾರೀಲಿ ಹರೀತಿತ್ತು, ಆಗ ನಯಾಗರಾಕ್ಕೆ ಬರ್ತಿದ್ದ ನೀರೇ ಸ್ವಲ್ಪ, ಅಂದ್ಮೇಲೆ ಸವೆತದ ವೇಗ ಯಾವಾಗ್ಲೂ ಅಷ್ಟೇ ಇತ್ತು ಅನ್ನೋಕಾಗಲ್ಲ.

ಹಳೇ ನಕ್ಷೆ ಇಲ್ವಾ? ನ್ಯೂಯಾರ್ಕ್ ರಾಜ್ಯದ ಕೊಹೋಸ್ ಜಲಪಾತದ ಹತ್ರ ಯುವಕ ಗಿಲ್ಬರ್ಟ್ ಬಂಡೆಗೋಡೆಯ ಸೀಡರ್ ಮರಗಳ ವಯಸ್ಸು ನೋಡಿದ್ರು. ಮರಕ್ಕೆ ಎಷ್ಟು ವಯಸ್ಸೋ, ಅದು ನಿಂತ ಬಂಡೆ ಕನಿಷ್ಠ ಅಷ್ಟು ಕಾಲದಿಂದ ಕುಸಿದಿಲ್ಲ ಅಂತಾಯ್ತು.