ಬಾಕ್ಸರ್ ಹುಡುಗರ ಗೆಣ್ಣಿಗೆ ನೊಗ ಕಟ್ಟಿದೆ

"ಇಷ್ಟು ಚೂರು ಪ್ಲಾಸ್ಟಿಕ್‌ನಿಂದ ಏನಾಗುತ್ತೆ ಮಾರಾಯ?" ಅಂತ, ಬಾಕ್ಸಿಂಗ್‌ನಲ್ಲಿ ಪೆಟ್ಟಾದ ಗೆಣ್ಣಿಗೆ ನಾನು ಕಟ್ಟುವ ಪಟ್ಟಿ ನೋಡಿ ಶಿವಮೊಗ್ಗದ ಹಿರಿಯ ಕೋಚ್ ಒಬ್ಬರು ಕೇಳಿದ್ದರು. ಈಗ ಅವರೇ ಹುಡುಗರನ್ನು ನನ್ನ ಹತ್ತಿರ ಕಳಿಸುತ್ತಾರೆ. ಈವರೆಗೆ ಇಂಥ ಪೆಟ್ಟಿನ 10 ಕೈ ನೋಡಿದ್ದೇನೆ. 9 ಆಪರೇಷನ್ ಇಲ್ಲದೆ ಸರಿಹೋದವು.

ಬಾಕ್ಸರ್‌ಗಳಿಗೆ ಆಗುವ ಕಿರುಬೆರಳ ಬುಡದ ಮುರಿತ ಕೋಚ್‌ಗಳಿಗೆಲ್ಲ ಗೊತ್ತು, ಅದನ್ನು ಬಿಡುತ್ತೇನೆ. ಎದುರಾಳಿಯ ಹಲ್ಲು ತಗುಲಿ ಗೆಣ್ಣು ಸೀಳಿದ್ದರೆ ಅದೇ ದಿನ ಆಸ್ಪತ್ರೆಗೆ ಕಳಿಸಿ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಲೆ ತಿಂದಿದ್ದು ನಡುಬೆರಳ ಬುಡದ ಗೆಣ್ಣು. ಎಕ್ಸ್‌ರೇಯಲ್ಲಿ ಏನೂ ಇರಲ್ಲ, ನೋವು ಮಾತ್ರ ಹೋಗಲ್ಲ. ಮುಷ್ಟಿ ಕಟ್ಟಿಸಿ ಗೆಣ್ಣಿನ ಮೇಲೆ ಬೆರಳಿಟ್ಟರೆ ಟೆಂಡನ್ (ಬೆರಳನ್ನು ಎತ್ತುವ ನಾರು) ಟಕ್ ಅಂತ ಕಿರುಬೆರಳ ಕಡೆಗೆ ಜಾರುತ್ತದೆ. ಮುಷ್ಟಿ ಬಿಡಿಸು ಅಂದರೆ ಆ ಒಂದು ಬೆರಳು ಏಳಲ್ಲ. ನಾವೇ ಎತ್ತಿ ನೇರ ಮಾಡಿದರೆ ಹಾಗೇ ನಿಲ್ಲುತ್ತದೆ. ಆ ಟೆಂಡನ್ನನ್ನು ಗೆಣ್ಣಿನ ನಡುವೆ ಹಿಡಿದಿಡುವ ಪಟ್ಟಿ, ಸ್ಯಾಜಿಟಲ್ ಬ್ಯಾಂಡ್, ಹರಿದಿದೆ ಅಂತಲೇ ಲೆಕ್ಕ.

ಮೊದಲ ಹುಡುಗ ತೀರ್ಥಹಳ್ಳಿ ಕಡೆಯವನು. ಅವನ ಕೈ ಪೂರ್ತಿ ಕಟ್ಟಿ 6 ವಾರ ಕೂರಿಸಿದೆ. ಬಿಚ್ಚಿದಾಗ ನಾಲ್ಕು ಬೆರಳೂ ಸೆಟೆದುಕೊಂಡಿದ್ದವು. ಊಟಕ್ಕೆ ಚಮಚ ಹಿಡಿಯಬೇಕಾಯಿತು. ಬೆರಳು ಮಡಿಸೋಕೆ ಮತ್ತೆ 3 ತಿಂಗಳು, ಆ ವರ್ಷದ ಪಂದ್ಯಗಳೆಲ್ಲ ಹೋದವು. ತಪ್ಪು ನನ್ನದೇ. ಅದು ಇವತ್ತಿಗೂ ನೋಯುತ್ತದೆ.

ಆಮೇಲೆ ಹಿಡಿದಿದ್ದು ರಿಲೇಟಿವ್ ಮೋಶನ್ ಸ್ಪ್ಲಿಂಟ್, ಅಂದರೆ ಪೆಟ್ಟಾದ ಬೆರಳನ್ನು ಅಕ್ಕಪಕ್ಕದವಕ್ಕಿಂತ ಮೇಲೆ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ. ಹುಡುಗರು ಅದಕ್ಕೆ ನೊಗ ಅಂತ ಹೆಸರಿಟ್ಟರು. ಪಟ್ಟಿ ಅಕ್ಕಪಕ್ಕದ ಬೆರಳುಗಳ ಮೇಲಿಂದ ಹಾದು, ಪೆಟ್ಟಾದ ಬೆರಳಿನ ಕೆಳಗಿಂದ ಬರಬೇಕು. ಆ ಬೆರಳು ಉಳಿದವಕ್ಕಿಂತ 15-20 ಡಿಗ್ರಿ ಮೇಲಿದ್ದರೆ ಸಾಕು. ಟೆಂಡನ್ ಜಾರಲ್ಲ, ಬೆರಳುಗಳೂ ಆಡುತ್ತಿರುತ್ತವೆ. ಹಗಲು ರಾತ್ರಿ 6 ವಾರ, ಒಬ್ಬಿಬ್ಬರಿಗೆ 8. ಸ್ನಾನಕ್ಕೂ ಬಿಚ್ಚುವಂತಿಲ್ಲ.

ದುಡ್ಡಿನ ವಿಷಯ. ಬೆಂಗಳೂರಿಂದ ತರಿಸಿದ, ಬಿಸಿನೀರಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆ ಸುಮಾರು 3500 ರೂಪಾಯಿ. ಮೊದಲನೆಯದನ್ನು ನೀರು ಜಾಸ್ತಿ ಕುದಿಸಿ ಹಾಳು ಮಾಡಿದೆ. ಒಂದಕ್ಕೊಂದು ಅಂಟಿ ಮುದ್ದೆಯಾಯಿತು. ಈಗ ಒಂದು ಹಾಳೆಯಲ್ಲಿ ಹನ್ನೆರಡಕ್ಕೆ ಕಡಿಮೆಯಿಲ್ಲದೆ ನೊಗ ತೆಗೆಯುತ್ತೇನೆ. ಹುಡುಗರಿಂದ 500 ತೆಗೆದುಕೊಳ್ಳುತ್ತೇನೆ. ಅದೇ ಗೆಣ್ಣಿಗೆ ಒಬ್ಬನ ಮನೆಯವರಿಗೆ ಆಪರೇಷನ್‌ಗೆ 60 ಸಾವಿರ ಹೇಳಿದ್ದರು. ಅಂಚು ಚರ್ಮ ಕೊರೆಯದ ಹಾಗೆ ಮಡಿಸೋದು ಹೇಗೆ ಅಂತ ಇಲ್ಲಿ ಬರೆಯಲ್ಲ. ಅದನ್ನು ಕಲಿಯೋಕೆ ನನಗೆ ಎರಡು ಹಾಳೆ ಹಿಡಿಯಿತು.

ನಡುವೆ ಅಡಿಕೆ ಹಾಳೆಯಲ್ಲೂ ಮಾಡಿ ನೋಡಿದೆ. ನಮ್ಮ ತೋಟದಲ್ಲಿ ಸುಮ್ನೆ ಬಿದ್ದಿರುತ್ತೆ, ಅಲ್ವಾ? ನೆನೆಸಿ, ಬೆರಳಿಗೆ ಬಗ್ಗಿಸಿ, ಒಣಗಿಸಿದರೆ ಒಳ್ಳೆ ಗಟ್ಟಿ. ಒಂದು ವಾರ ಚೆನ್ನಾಗಿತ್ತು. ಆಷಾಢದ ಮಳೆ ಹಿಡಿದ ಮೇಲೆ ಬೂಸ್ಟು ಬಂತು, ಮೆತ್ತಗಾಯಿತು, ಕೆಳಗಿನ ಚರ್ಮ ಬೆಳ್ಳಗೆ ನೆನೆದುಹೋಯಿತು. ಈಗ ಬೇಸಿಗೆಯಲ್ಲಿ ಮಾತ್ರ, ಪ್ಲಾಸ್ಟಿಕ್ ಬರುವ ತನಕ ಎರಡು ದಿನಕ್ಕೆ ಬಳಸುತ್ತೇನೆ. ಮಳೆಗಾಲದಲ್ಲಿ ಗ್ಲೌಸ್ ಒಳಗೆ ಸುತ್ತುವ ಕೈಪಟ್ಟಿಯದೂ ಇದೇ ಗೋಳು. ನಾಲ್ಕೂವರೆ ಮೀಟರ್ ಬಟ್ಟೆ ಒಣಗೋದೇ ಇಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿ ಅಂತ ಹುಡುಗರಿಗೆ ಹೇಳಿದ್ದೇನೆ. ಒದ್ದೆ ಪಟ್ಟಿ ಸುತ್ತಿದರೆ ಗೆಣ್ಣಿನ ಮೇಲೆ ಸಡಿಲ ಬಿದ್ದೇ ಬೀಳುತ್ತದೆ.

ನೊಗ ಬಿಚ್ಚಿದ ಕೂಡಲೇ ಪಂಚಿಂಗ್ ಬ್ಯಾಗ್ ಹೊಡೆಸಬೇಡಿ. ನಾನು ಇನ್ನೊಂದು ತಿಂಗಳು ಬರೀ ಮುಷ್ಟಿ ಕಟ್ಟಿಸಿ, ಬಿಡಿಸಿ, ಗಾಳಿಯಲ್ಲಷ್ಟೇ ಹೊಡೆಸುತ್ತೇನೆ. ಪೂರ್ತಿ ಜೋರಿನ ಏಟು ಮೂರು ತಿಂಗಳ ಮೇಲೆ.

ಹತ್ತನೆಯ ಹುಡುಗ ಹೊಸನಗರದವನು. ಪೆಟ್ಟಾಗಿ 4 ತಿಂಗಳ ಮೇಲೆ ಬಂದ. ಅಷ್ಟರಲ್ಲಿ ಎಣ್ಣೆ ಹಾಕಿ ತಿಕ್ಕಿಸಿ ತಿಕ್ಕಿಸಿ ಗೆಣ್ಣು ನಿಂಬೆಹಣ್ಣಿನಷ್ಟಾಗಿತ್ತು. 8 ವಾರ ನೊಗ ಹಾಕಿದೆ, ಟೆಂಡನ್ ಜಾರೋದು ನಿಲ್ಲಲಿಲ್ಲ. ಕೊನೆಗೆ ಆಪರೇಷನ್ನೇ ಆಯಿತು. ಉಳಿದ ಒಂಬತ್ತೂ ಜನ ಎರಡು ವಾರದೊಳಗೆ ಬಂದವರು. ಅದಕ್ಕೇ ಈಗ ಪ್ರತಿ ಶನಿವಾರ ಪ್ರಾಕ್ಟೀಸ್ ಮುಗಿದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮುಷ್ಟಿ ಕಟ್ಟಿಸಿ, ಒಂದೊಂದೇ ಗೆಣ್ಣು ಮುಟ್ಟಿ ನೋಡುತ್ತೇನೆ. ಹದಿನೈದು ಹುಡುಗರಿಗೆ ಹತ್ತು ನಿಮಿಷ ಸಾಕು.